ಪೂಲ್ ಟೇಬಲ್ಲಿನ ಹಸಿರು ಬಟ್ಟೆ ಎಲ್ಲಿಂದ ಬಂತು, ನಮ್ಮ ಮನೇಲಿ ಯಾಕೆ ಸುಕ್ಕಾಯ್ತು

ಈಗೀಗ ನಮ್ಮ ಕಡೆ ಮನೆಗಳ ಟೆರೇಸ್ ರೂಮಿಗೆ ಹೊಸ ಸಾಮಾನೊಂದು ಬಂದು ಕೂತಿದೆ, ನೋಡಿದೀರಾ? ಮೊದ್ಲು ಅಲ್ಲಿ ಹಳೇ ಮಂಚ, ದಸರಾ ಗೊಂಬೆ ಪೆಟ್ಟಿಗೆ, ಮಾವಿನಕಾಯಿ ಉಪ್ಪಿನಕಾಯಿ ಜಾಡಿ ಇರ್ತಿದ್ವು. ಆಮೇಲೆ ವ್ಯಾಯಾಮದ ಸೈಕಲ್ ಬಂತು, ಅದರ ಮೇಲೆ ಟವಲ್ ಒಣಗಿದ್ವು. ಈಗ ಪೂಲ್ ಟೇಬಲ್ಲಿನ ಸರದಿ. ವಿಜಯನಗರದಲ್ಲಿ ಪರಿಚಯದವರ ಮನೆಯಲ್ಲಿ ಒಂದು, ಕೆಂಗೇರಿ ಕಡೆ ಅಪಾರ್ಟ್‌ಮೆಂಟಿನ ಕ್ಲಬ್ ಹೌಸಲ್ಲಿ ಒಂದು, ಬಸವೇಶ್ವರನಗರದಲ್ಲಿ ನಮ್ಮ ವಾರಗಿತ್ತಿ ಮನೇಲಿ ಒಂದು. ಮೂರರ ಮೇಲೂ ಕೈಯಾಡಿಸಿ ನೋಡಿದೀನಿ. ಎರಡು ಕಡೆ ಬಟ್ಟೆ ಸರಿಯಾಗಿ ಕೂತಿಲ್ಲ. ಒಂದು ಕಡೆ ಮೂಲೆಯಲ್ಲಿ ನೆರಿಗೆ, ಇನ್ನೊಂದು ಕಡೆ ನಡುವೆ ಸಡಿಲ.

"ಸೋಫಾ ಕವರ್ ಸುಕ್ಕಾದ್ರೆ ಏನಾಗುತ್ತೆ, ಕೂತ್ಕೊಂಡ್ರೆ ಸರಿಹೋಗುತ್ತೆ" ಅಂತ ಹೆಚ್ಚಿನವರು ಅದನ್ನ ಹಂಗೇ ಬಿಡ್ತಾರೆ. ಆದ್ರೆ ಈ ಬಟ್ಟೆ ಹೊದಿಕೆ ಅಲ್ಲ ಕಣ್ರೀ. ಕ್ರಿಕೆಟ್ಟಿಗೆ ಪಿಚ್ ಹೇಗೋ ಈ ಆಟಕ್ಕೆ ಇದು ಹಾಗೆ. ಬಾಲು ಓಡೋದು ಇದರ ಮೇಲೆ, ತಿರುಗೋದು ಇದರ ಮೇಲೆ, ತಪ್ಪು ದಾರಿ ಹಿಡಿಯೋದೂ ಇದರಿಂದಲೇ. ಅದು ಹೇಗೆ ಅಂತ ಗೊತ್ತಾಗ್ಬೇಕಾದ್ರೆ ಈ ಬಟ್ಟೆಯ ಹಿಂದಿನ ಕಥೆ ಸ್ವಲ್ಪ ತಿಳ್ಕೋಬೇಕು. ಸೀರೆ, ನೂಲು, ಮಗ್ಗ, ಇಸ್ತ್ರಿ ಇವೆಲ್ಲ ನಮಗೆ ಗೊತ್ತಿರೋ ವಿಷಯವೇ ಆದ್ದರಿಂದ ಇದೇನೂ ಕಷ್ಟದ ಪಾಠ ಆಗಲ್ಲ.

ಮೊದಲು ಇದು ಹುಲ್ಲಿನ ಮೇಲೆ ಆಡ್ತಿದ್ದ ಆಟ. ಸುಮಾರು 15ನೇ ಶತಮಾನದ ಹೊತ್ತಿಗೆ ಫ್ರಾನ್ಸ್ ಕಡೆ ದೊಡ್ಡಮನೆಯವರು ಅಂಗಳದ ಹುಲ್ಲಿನ ಮೇಲೆ ಕೋಲಿನಿಂದ ಗುಂಡು ತಳ್ಳಿ ಆಡ್ತಿದ್ರು. ಮಳೆ, ಚಳಿ ಬಂದ್ರೆ ಆಟ ನಿಂತುಹೋಗ್ತಿತ್ತು. ಅದಕ್ಕೇ ಆಟಾನ ಒಳಗೆ ತಂದ್ರು. ಮರದ ಮೇಜು ಮಾಡಿಸಿ, ಗುಂಡು ಕೆಳಗೆ ಬೀಳದ ಹಾಗೆ ಸುತ್ತ ಅಂಚು ಕಟ್ಟಿಸಿ, ಮೇಲೆ ಬಟ್ಟೆ ಹಾಸಿದ್ರು. ಹುಲ್ಲಿನ ನೆನಪಿಗೆ ಬಟ್ಟೆಗೆ ಹಸಿರು ಬಣ್ಣ. ಇವತ್ತಿಗೂ ಹೆಚ್ಚಿನ ಟೇಬಲ್ ಹಸಿರಾಗಿರೋದು ಆ ಅಂಗಳದ ಋಣ. ಫ್ರಾನ್ಸಿನ ರಾಜ 11ನೇ ಲೂಯಿ, 1461ರಿಂದ 1483ರವರೆಗೆ ಆಳಿದವನು, ಇಂಥ ಮೇಜು ಇಟ್ಕೊಂಡಿದ್ದ ಅಂತ ಹೇಳ್ತಾರೆ.

ಈ ಬಟ್ಟೆಗೂ ಒಬ್ಬ ಹೆಂಗಸಿಗೂ ಸೇರಿದ ಕಥೆ ಒಂದಿದೆ. ಸ್ಕಾಟ್‌ಲ್ಯಾಂಡಿನ ರಾಣಿ ಮೇರಿಯನ್ನ ಇಂಗ್ಲೆಂಡಿನಲ್ಲಿ ಎಷ್ಟೋ ವರ್ಷ ಸೆರೆಯಲ್ಲಿ ಇಟ್ಟಿದ್ರು. ಸೆರೆಯಲ್ಲೂ ಅವಳ ಹತ್ರ ಬಿಲಿಯರ್ಡ್ಸ್ ಮೇಜು ಇತ್ತು. 1587ರ ಫೆಬ್ರವರಿ 8ರಂದು ಅವಳ ತಲೆ ಕಡಿದ್ರು. ಅವಳ ಮೇಜಿನ ಬಟ್ಟೆಯನ್ನೇ ಕಿತ್ತು ದೇಹಕ್ಕೆ ಸುತ್ತಿದ್ರು ಅಂತ ಹೇಳಿಕೆ ಇದೆ. ಒಂದು ಹೆಣಕ್ಕೆ ಸುತ್ತೋವಷ್ಟು ಅಗಲ, ಉದ್ದ, ದಪ್ಪ ಇದ್ದ ಉಣ್ಣೆ ಬಟ್ಟೆ ಅದು. ಈಗ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಡೋ ತೆಳು ಪಾಲಿಯೆಸ್ಟರ್ ಹಸಿರು ಬಟ್ಟೆ ಪಕ್ಕ ಇಟ್ಟು ನೋಡಿದ್ರೆ ವ್ಯತ್ಯಾಸ ತಾನಾಗೇ ಕಾಣುತ್ತೆ.

ಉಣ್ಣೆಯೇ ಯಾಕೆ? ಉಣ್ಣೆ ಎಳೆ ಸ್ಪ್ರಿಂಗಿನ ಹಾಗೆ. ಅದುಮಿದ್ರೆ ಅದುಮಿಕೊಳ್ಳುತ್ತೆ, ಬಿಟ್ರೆ ಮತ್ತೆ ಏಳುತ್ತೆ. ದಿನವಿಡೀ ಬಾಲು ಉರುಳಿದ್ರೂ ಬೇಗ ಸಾಯಲ್ಲ. ಇದನ್ನ ಕೆಲವರು "ಫೆಲ್ಟ್" ಅಂತಾರೆ, ಅದು ಸರಿಯಲ್ಲ. ಫೆಲ್ಟ್ ಅಂದ್ರೆ ಉಣ್ಣೆಯನ್ನ ನೇಯದೆ ಬಿಸಿ, ನೀರು, ಒತ್ತಡದಿಂದ ಒತ್ತಿ ಮಾಡಿದ್ದು. ಬಿಲಿಯರ್ಡ್ಸ್ ಬಟ್ಟೆ ಮಗ್ಗದಲ್ಲಿ ಹಾಸು, ಹೊಕ್ಕು ಇಟ್ಟು ನೇಯ್ದದ್ದು. ನೇಯ್ದದ್ದು ಅಂದಮೇಲೆ ಅದಕ್ಕೆ ಉದ್ದ ಅಂತ ಒಂದು ಗುಣ, ಅಗಲ ಅಂತ ಇನ್ನೊಂದು ಗುಣ ಇರುತ್ತೆ. ಬ್ಲೌಸ್ ಪೀಸನ್ನ ಉದ್ದಕ್ಕೆ ಎಳೆದ್ರೆ ಒಂದು ಥರ, ಅಡ್ಡಕ್ಕೆ ಎಳೆದ್ರೆ ಇನ್ನೊಂದು ಥರ, ಓರೆಗೆ ಎಳೆದ್ರೆ ಜಗ್ಗಿ ಹಾಳಾಗುತ್ತೆ. ಇದೂ ಹಾಗೇನೆ. ಬಟ್ಟೆ ಹಾಕೋರು ಮಾಡೋ ಅರ್ಧ ತಪ್ಪು ಇಲ್ಲೇ ಆಗೋದು.

ಈ ಬಟ್ಟೆಗೆ ಯುರೋಪಿನಲ್ಲಿ ಎರಡು ಊರು ಹೆಸರುವಾಸಿ. ಒಂದು ಬೆಲ್ಜಿಯಮ್ಮಿನ ವೆರ್ವಿಯೇ. ಅಲ್ಲಿ 1680ರಲ್ಲಿ ಶುರುವಾದ ಇವಾನ್ ಸಿಮೋನಿಸ್ ಕಂಪನಿಯ ಬಟ್ಟೆ ಇವತ್ತಿಗೂ ಪೂಲ್ ಆಟದ ದೊಡ್ಡ ದೊಡ್ಡ ಪಂದ್ಯಗಳಲ್ಲಿ ಹಾಸ್ತಾರೆ. ಇನ್ನೊಂದು ಇಂಗ್ಲೆಂಡಿನ ಪಶ್ಚಿಮದ ಸ್ಟ್ರೌಡ್ ಸುತ್ತಿನ ಕಣಿವೆ. ಸ್ಟ್ರಾಕನ್ ಹೆಸರಿನ ಸ್ನೂಕರ್ ಬಟ್ಟೆ ಹೆಸರಾದದ್ದು ಅಲ್ಲಿಂದ. ಎರಡು ಊರಿನ ಬಟ್ಟೆಗೂ ಗುಣ ಬೇರೆ. ಇಂಗ್ಲಿಷ್ ಸ್ನೂಕರ್ ಬಟ್ಟೆ ಮೇಲೆ ಕೈ ಸವರಿದ್ರೆ ವೆಲ್ವೆಟ್ಟಿನ ಹಾಗೆ ಒಂದು ಕಡೆಗೆ ನಯ, ಉಲ್ಟಾ ಸವರಿದ್ರೆ ಒರಟು. ಮೇಲೆ ಸಣ್ಣ ಉಣ್ಣೆಕೂದಲು ಒಂದೇ ದಿಕ್ಕಿಗೆ ಮಲಗಿರುತ್ತೆ, ಅದನ್ನ "ನ್ಯಾಪ್" ಅಂತಾರೆ. ಬೆಲ್ಜಿಯಮ್ ಥರದ ಪೂಲ್ ಬಟ್ಟೆಯಲ್ಲಿ ಈ ಕೂದಲು ಇಲ್ಲ. ಎಳೆ ಬಾಚಿ, ಬಿಗಿಯಾಗಿ ಹೊಸೆದು ನೇಯ್ದಿರ್ತಾರೆ, ಸ್ವಲ್ಪ ನೈಲಾನ್ ಬೆರೆಸಿರ್ತಾರೆ. ಎತ್ತ ಸವರಿದ್ರೂ ಒಂದೇ ಥರ, ಬಾಲು ವೇಗವಾಗಿ ಓಡುತ್ತೆ.

ಉಣ್ಣೆ ನೇಯ್ಗೆ ನಮ್ಮ ಕಡೆಗೇನೂ ಹೊಸದಲ್ಲ. ಕುರುಬರು ಗುಂಡಿಮಗ್ಗದಲ್ಲಿ ನೇಯೋ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡೋದನ್ನ ಚಳ್ಳಕೆರೆ ಕಡೆಯ ನೆಂಟರು ನೋಡಿರ್ತೀರಿ. ನಮ್ಮ ಪಶ್ಚಿಮ ಬೆಂಗಳೂರಿನ ಹಳೇ ಕುಟುಂಬಗಳಿಗಂತೂ ಬಿನ್ನಿ ಮಿಲ್ ಮರೆತುಹೋಗಿರಲ್ಲ. 1884ರಲ್ಲಿ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಅಂತ ಶುರುವಾಯ್ತು, ಎರಡು ವರ್ಷಕ್ಕೆ ಬಿನ್ನಿ ಕಂಪನಿ ಕೈಗೆ ಬಂತು. ಅದರಿಂದಲೇ ಆ ಜಾಗಕ್ಕೆ ಬಿನ್ನಿಪೇಟೆ ಅಂತ ಹೆಸರು. ಮಾಗಡಿ ರಸ್ತೆ ಆಚೀಚೆ ಎಷ್ಟೋ ಮನೆಗಳ ಒಲೆ ಉರಿದದ್ದು ಆ ಮಿಲ್ಲಿನ ಸಂಬಳದಲ್ಲಿ. ಬಿನ್ನಿ ಕಂಬಳಿ ಬಾಣಂತಿ ಕೋಣೆಯಲ್ಲಿ ಇಲ್ಲದ ಮನೆ ಕಡಿಮೆ. ಮಳೆಗಾಲದಲ್ಲಿ ಆ ಕಂಬಳಿ ಭಾರವಾಗಿ, ಮೆತ್ತಗಾಗಿ, ಬಿಸಿಲು ಬಿದ್ದ ದಿನ ಮತ್ತೆ ಗರಿಗರಿ ಆಗ್ತಿತ್ತಲ್ಲ, ಅದನ್ನ ನೆನಪಿಟ್ಕೊಳ್ಳಿ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದ ಹತ್ತಿರದಷ್ಟು ತೇವ ಹೀರಿದ್ರೂ ಮುಟ್ಟಿದ್ರೆ ಒದ್ದೆ ಅನ್ನಿಸಲ್ಲ. ತೇವ ಹೀರಿದಾಗ ಬಟ್ಟೆ ಸ್ವಲ್ಪ ಹಿಗ್ಗುತ್ತೆ, ಒಣಗಿದಾಗ ಕುಗ್ಗುತ್ತೆ. ಟೇಬಲ್ಲಿನ ಬಟ್ಟೆಯೂ ಇದನ್ನೇ ಮಾಡುತ್ತೆ.

ಬಟ್ಟೆ ಕೆಳಗೆ ಏನಿದೆ ಅನ್ನೋದೂ ಮುಖ್ಯ. ಮೊದ್ಲು ಮರದ ಹಲಗೆ ಇತ್ತು, ಹವಾಕ್ಕೆ ಅದು ಡೊಂಕಾಗ್ತಿತ್ತು. ಲಂಡನ್ನಿನ ಜಾನ್ ಥರ್ಸ್ಟನ್ ಅನ್ನೋ ಮರಗೆಲಸದವನು 1826ರ ಹೊತ್ತಿಗೆ ಸ್ಲೇಟು ಕಲ್ಲಿನ ಚಪ್ಪಡಿ ಹಾಕೋಕೆ ಶುರುಮಾಡಿದ. ನಾವು ಬಳಪದಲ್ಲಿ ಬರೀತಿದ್ವಲ್ಲ, ಅದೇ ಸ್ಲೇಟು, ದಪ್ಪದ್ದು. ಅಂಚಿಗೆ ಮೊದ್ಲು ಬಟ್ಟೆ ಚೂರು, ಕುದುರೆಕೂದಲು ತುಂಬ್ತಿದ್ರು, 1835ರ ಸುಮಾರಿಗೆ ಅವನೇ ರಬ್ಬರ್ ತಂದ. ಚಳಿಗಾಲದಲ್ಲಿ ಆ ರಬ್ಬರ್ ಕಲ್ಲಾಗ್ತಿತ್ತು ಅಂತ ಬಿಸಿನೀರು ತುಂಬಿದ ತಗಡಿನ ಡಬ್ಬಿ ಅಂಚಿಗೆ ಇಟ್ಟು ಬೆಚ್ಚಗೆ ಮಾಡ್ತಿದ್ರಂತೆ! ಆಮೇಲೆ ಗಂಧಕ ಸೇರಿಸಿ ಹದ ಮಾಡಿದ ರಬ್ಬರ್ ಬಂದು ಆ ಕಾಟ ತಪ್ಪಿತು. ಅಲ್ಲಿಂದ ಇವತ್ತಿನವರೆಗೂ ಟೇಬಲ್ ಅಂದ್ರೆ ಇಷ್ಟೇ: ಕೆಳಗೆ ಕಲ್ಲು, ಸುತ್ತ ರಬ್ಬರ್, ಎರಡರ ಮೇಲೂ ಬಿಗಿದ ಉಣ್ಣೆ ಬಟ್ಟೆ. ಕಲ್ಲು ಡೊಂಕಾಗಲ್ಲ, ರಬ್ಬರ್ ಬೇಗ ಸಾಯಲ್ಲ. ಮನುಷ್ಯರ ಕೈಗುಣಕ್ಕೆ ಬಿಟ್ಟದ್ದು ಬಟ್ಟೆ ಒಂದೇ.

ನಮ್ಮ ದೇಶಕ್ಕೆ ಈ ಮೇಜನ್ನ ತಂದವರು ಬ್ರಿಟಿಷರು. ದಂಡು ಇದ್ದ ಕಡೆಯಲ್ಲೆಲ್ಲ ಕ್ಲಬ್, ಕ್ಲಬ್ ಇದ್ದ ಕಡೆಯಲ್ಲೆಲ್ಲ ಬಿಲಿಯರ್ಡ್ಸ್ ರೂಮು. 1875ರ ಮಳೆಗಾಲದಲ್ಲಿ ಜಬಲ್ಪುರದಲ್ಲಿ ಹೊರಗೆ ಹೋಗೋಕಾಗದೆ ಬೇಸರಪಟ್ಟು ಕೂತಿದ್ದ ಸೈನ್ಯದ ಆಫೀಸರುಗಳ ಪೈಕಿ ನೆವಿಲ್ ಚೇಂಬರ್ಲೇನ್ ಅನ್ನೋನು ಬಿಲಿಯರ್ಡ್ಸ್ ಮೇಜಿನ ಮೇಲೆ ಇನ್ನಷ್ಟು ಬಣ್ಣದ ಬಾಲು ಇಟ್ಟು ಆಡೋ ಆಟ ಕಟ್ಟಿದ. ಅದೇ ಸ್ನೂಕರ್. ಮಿಲಿಟರಿ ಶಾಲೆಗೆ ಹೊಸದಾಗಿ ಸೇರಿದ ಹುಡುಗರನ್ನ ಹಾಸ್ಯಕ್ಕೆ ಕರೀತಿದ್ದ ಹೆಸರಂತೆ ಅದು. 1882ರಲ್ಲಿ ಅದರ ನಿಯಮಗಳನ್ನ ಕೂತು ಬರೆದದ್ದು ಊಟಿ ಕ್ಲಬ್ಬಿನಲ್ಲಿ. ನಾವು ಕೆಂಗೇರಿ ದಾಟಿ, ಮೈಸೂರು, ಗುಂಡ್ಲುಪೇಟೆ, ಬಂಡೀಪುರ ಹಾದು ವರ್ಷಕ್ಕೊಂದು ಸಲ ಹೋಗಿ ಸ್ವೆಟರ್ ತಗೊಂಡು ಬರ್ತೀವಲ್ಲ, ಅದೇ ಊಟಿ. ಲೋಕವೆಲ್ಲ ಆಡೋ ಆಟದ ನಿಯಮ ನಮ್ಮ ಪಕ್ಕದ ಬೆಟ್ಟದ ಮೇಲೆ ಹುಟ್ಟಿತು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಬೆಂಗಳೂರಿನಲ್ಲೂ ದಂಡಿನ ಕಡೆ 1868ರಿಂದ ಬೆಂಗಳೂರು ಕ್ಲಬ್ ಇತ್ತು, ಅದು ಆಗ ಬಿಳಿಯರದ್ದು. 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಕಬ್ಬನ್ ಪಾರ್ಕಿನಲ್ಲಿ ಸೆಂಚುರಿ ಕ್ಲಬ್ ಕಟ್ಟಿದ ಮೇಲೆ ನಮ್ಮವರಿಗೂ ಒಂದು ಕ್ಲಬ್ ಅಂತ ಆಯ್ತು. ಈ ಕ್ಲಬ್ಬುಗಳ ಬಿಲಿಯರ್ಡ್ಸ್ ರೂಮಲ್ಲಿ "ಮಾರ್ಕರ್" ಅಂತ ಒಬ್ರು ಇರ್ತಿದ್ರು. ಅಂಕ ಬರೆಯೋದು ಹೆಸರಿಗೆ. ನಿಜವಾದ ಕೆಲಸ ಟೇಬಲ್ ನೋಡ್ಕೊಳ್ಳೋದು. ಬೆಳಿಗ್ಗೆ ಬಟ್ಟೆಗೆ ಬ್ರಷ್ ಹಾಕೋರು, ಆಮೇಲೆ ಹದವಾಗಿ ಕಾದ ಭಾರದ ಇಸ್ತ್ರಿ. ಅದೂ ಒಂದೇ ದಿಕ್ಕಿಗೆ, ಆಟ ಶುರುಮಾಡೋ ಕಡೆಯಿಂದ ಕಪ್ಪು ಬಾಲ್ ಇಡೋ ಕಡೆಗೆ. ಉಣ್ಣೆಕೂದಲು ಮಲಗೋದು ಆ ದಿಕ್ಕಿಗೇ ಆಗ್ಬೇಕು. ಉಲ್ಟಾ ಹಾಕಿದ್ರೆ ಬಾಲು ದಾರಿ ತಪ್ಪುತ್ತೆ. ಯಾವ ಪುಸ್ತಕ ಓದಿಯೂ ಅಲ್ಲ, ಕೈಯಿಂದ ಕೈಗೆ ಬಂದ ವಿದ್ಯೆ. ಆಡಿದವರ ಹೆಸರು ಗೋಡೆಯ ಹಲಗೆ ಮೇಲೆ ಬರೆದಿರುತ್ತೆ, ಮಾರ್ಕರ್ ಹೆಸರು ಎಲ್ಲೂ ಇರಲ್ಲ. ನಮ್ಮ ಅಡುಗೆಮನೆ ಕೆಲಸದ ಹಾಗೇನೆ ಅನ್ಕೊಳ್ಳಿ.

1958ರಲ್ಲಿ ವಿಲ್ಸನ್ ಜೋನ್ಸ್ ಬಿಲಿಯರ್ಡ್ಸಿನಲ್ಲಿ ವಿಶ್ವ ಚಾಂಪಿಯನ್ ಆದ್ರು. ಸ್ವತಂತ್ರ ಭಾರತಕ್ಕೆ ಯಾವುದೇ ಆಟದಲ್ಲಿ ಬಂದ ಮೊದಲನೇ ವಿಶ್ವ ಪಟ್ಟ ಅದು ಅಂತ ಹೇಳ್ತಾರೆ. ನಮ್ಮ ಬೆಂಗಳೂರಿನ ಅರವಿಂದ್ ಸವೂರ್ ಅವರ ಕೈಕೆಳಗೆ ಕಲಿತ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ಸ್ನೂಕರ್ ಪಟ್ಟ ಗೆದ್ದು, ಆಮೇಲೆ ಎಷ್ಟು ಗೆದ್ರೋ ಲೆಕ್ಕ ಇಡೋದೇ ಕಷ್ಟ. ಆದ್ರೆ ನನಗೆ ಹತ್ತಿರ ಅನ್ನಿಸೋದು ಆರ್. ಉಮಾದೇವಿ ಅವರ ಕಥೆ. ತೋಟಗಾರಿಕೆ ಇಲಾಖೆಯಲ್ಲಿ ಟೈಪಿಸ್ಟ್ ಕೆಲಸ. ಮೂವತ್ತರ ಆಸುಪಾಸಿನಲ್ಲಿ, ಮನೆ, ಆಫೀಸು ಎರಡೂ ನಡೆಸ್ತಿದ್ದ ವಯಸ್ಸಲ್ಲಿ, ಕಬ್ಬನ್ ಪಾರ್ಕಿನ ಸೆಕ್ರೆಟೇರಿಯಟ್ ಕ್ಲಬ್ಬಿಗೆ ಟೇಬಲ್ ಟೆನಿಸ್ ಆಡೋಕೆ ಹೋದವರು, ಅಲ್ಲಿ ಜನ ಜಾಸ್ತಿ ಅಂತ ಪಕ್ಕದ ಬಿಲಿಯರ್ಡ್ಸ್ ಕೋಲು ಹಿಡಿದ್ರು. 2012ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಪಟ್ಟ ಗೆದ್ದು ಬಂದ್ರು. ರಾಷ್ಟ್ರಪತಿಗಳಿಂದ ನಾರಿ ಶಕ್ತಿ ಪುರಸ್ಕಾರವೂ ಸಿಕ್ತು. ಹಾಕಿ ಆಡ್ತಿದ್ದ ಚಿತ್ರಾ ಮಗಿಮೈರಾಜ್ ಕೂಡ ಈ ಆಟಕ್ಕೆ ಬಂದು ಕರ್ನಾಟಕಕ್ಕೆ ಹೆಸರು ತಂದ್ರು. ಗಂಡಸರ ರೂಮು ಅನ್ನಿಸಿಕೊಂಡಿದ್ದ ಜಾಗಕ್ಕೆ ನಮ್ಮೂರಿನ ಹೆಂಗಸರು ಹೀಗೆ ಕಾಲಿಟ್ರು.

ಅಷ್ಟರಲ್ಲಿ 1990ರ ದಶಕದಿಂದ ಪೂಲ್ ಪಾರ್ಲರ್‌ಗಳು ಬಂದ್ವು. ಪೂಲ್ ಟೇಬಲ್ ಸ್ನೂಕರ್ ಟೇಬಲ್ಲಿಗಿಂತ ಚಿಕ್ಕದು. ಸ್ನೂಕರಿಂದು 12 ಅಡಿಗೆ 6 ಅಡಿ, ಪೂಲಿಂದು 7, 8 ಅಥವಾ 9 ಅಡಿ. ಪಾರ್ಲರ್ ಅಂದ್ರೆ ಮೆಟ್ಟಿಲ ಮೇಲೆ ಹುಡುಗರ ಗುಂಪು, ಒಳಗೆ ಹೊಗೆ. ಹೆಣ್ಣುಮಕ್ಕಳನ್ನ ಕಳಿಸೋಕೆ ಮನೆಯವರು ಹಿಂದೆಮುಂದೆ ನೋಡ್ತಿದ್ರು. ಮನೆಗೇ ಟೇಬಲ್ ಬಂದದ್ದು ಅದಕ್ಕೇ ಒಳ್ಳೇದು ಅಂತೀನಿ ನಾನು. ಆದ್ರೆ ಟೇಬಲ್ ಮನೆಗೆ ಬಂತೇ ಹೊರತು ಮಾರ್ಕರ್ ಬರ್ಲಿಲ್ಲ. ಕ್ಲಬ್ಬಿನಲ್ಲಿ ದಿನಾ ಒಬ್ರು ನೋಡ್ಕೊಳ್ತಿದ್ದ ಬಟ್ಟೆ, ಮನೆಯಲ್ಲಿ ಯಾರಿಗೂ ಸೇರದ್ದಾಯ್ತು. ಹಾಕೋರೂ ಅಷ್ಟೇ. ಬೆಳಿಗ್ಗೆ ಸೋಫಾ, ಮಧ್ಯಾಹ್ನ ಟೇಬಲ್ ಅಂತ ಓಡಾಡೋ ಹುಡುಗರು.

ನಮ್ಮ ವಾರಗಿತ್ತಿ ಮನೇಲಿ ಆದದ್ದು ಇದೇ. ಭಾವನವರು ರಿಟೈರ್ ಆದ ಮೇಲೆ ಆಸೆಪಟ್ಟು 8 ಅಡಿ ಟೇಬಲ್ ತರಿಸಿದ್ರು. ಕಲ್ಲು ಒಂದೇ 200 ಕಿಲೋ ಆಸುಪಾಸು, ಮೂರು ಚಪ್ಪಡಿ. ಟೆರೇಸಿಗೆ ಹೊತ್ತು ಹತ್ತಿಸೋಕೆ ಅರ್ಧ ದಿನ. ಬಟ್ಟೆ ಹಾಕೋ ಹೊತ್ತಿಗೆ ಸಂಜೆ, ಹುಡುಗರಿಗೆ ಮನೆಗೆ ಹೋಗೋ ಆತುರ. ಒಂದು ಮೂಲೆಯಿಂದ ಎಳೀತಾ ಎಳೀತಾ ಸ್ಟೇಪ್ಲರ್ ಹೊಡೆದು ಮುಗಿಸಿದ್ರು. ಮೂರು ವಾರಕ್ಕೆ ಜುಲೈ ಮಳೆ ಹಿಡೀತು, ಬಟ್ಟೆ ಸಡಿಲ ಆಯ್ತು. ಫೋನ್ ಮಾಡಿದ್ರೆ "ಆಡ್ತಾ ಆಡ್ತಾ ಸೆಟ್ ಆಗುತ್ತೆ ಮೇಡಂ" ಅಂದ್ರು.

ಸೆಟ್ ಆಗ್ಲಿಲ್ಲ. ಕೆಟ್ಟದ್ದು ಅಷ್ಟೇ ಆಗಿದ್ರೆ ನಾನು ಇದನ್ನ ಬರೀತಿರ್ಲಿಲ್ಲ. ಅವರ ಮಗಳು, ಪಿಯುಸಿ ಓದೋ ಹುಡುಗಿ, ಆಸೆಯಿಂದ ದಿನಾ ಸಂಜೆ ಆಡೋಳು. ನೇರ ಹೊಡೆದ ಬಾಲು ಕೊನೇ ಒಂದು ಗೇಣಲ್ಲಿ ಎಡಕ್ಕೆ ತಿರುಗ್ತಿತ್ತು. "ನಿನ್ನ ಕೈ ವಾಲುತ್ತೆ" ಅಂತ ಅಪ್ಪ, "ಹುಡುಗೀರಿಗೆ ಇದೆಲ್ಲ ಬರಲ್ಲ ಬಿಡು" ಅಂತ ಅಣ್ಣ. ಅವಳು ಕೈ ತಿದ್ದಿಕೊಳ್ಳೋಕೆ ಹೋದ್ಲು, ಬಲಕ್ಕೆ ಗುರಿಯಿಟ್ಟು ಹೊಡೆಯೋದು ಕಲಿತ್ಲು. ಕಾಲೇಜಿನ ಟೇಬಲ್ಲಲ್ಲಿ ಅದೇ ಅಭ್ಯಾಸ ಉಲ್ಟಾ ಹೊಡೀತು. ಎರಡು ತಿಂಗಳಿಗೆ ಕೋಲು ಮೂಲೆಗೆ ಇಟ್ಟುಬಿಟ್ಲು. ಟೇಬಲ್ ಮೇಲೆ ಒಗೆದ ಬಟ್ಟೆ ಮಡಚೋ ಕೆಲಸ ಶುರುವಾಯ್ತು.

ಒಂದು ದಿನ ನಮ್ಮ ವಾರಗಿತ್ತಿ, ಮೂವತ್ತು ವರ್ಷ ಮನೇಲೇ ಫಾಲ್, ಪಿಕೋ ಹಾಕಿ ಮಕ್ಕಳ ಫೀಸು ಕಟ್ಟಿದ ಕೈ, ಮಡಚಿದ ಸೀರೆ ತೆಗೆಯೋವಾಗ ಅಂಗೈಯನ್ನ ಹಸಿರು ಬಟ್ಟೆ ಮೇಲೆ ಒತ್ತಿ ಮುಂದಕ್ಕೆ ಸರಿಸಿದ್ಲು. ಕೈ ಮುಂದೆ ಅಲೆಯ ಹಾಗೆ ಬಟ್ಟೆ ಎದ್ದಿತು. "ಇದು ಒಗೆಯದ ಫಾಲ್ ಹೊಲಿದ ಸೀರೆ ಥರ ಇದೆಯಲ್ರೀ, ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಅವಳ ಕೈಯಲ್ಲೇನೂ ತಪ್ಪಿಲ್ಲ" ಅಂದ್ಲಂತೆ. ಅವಳು ಹೇಳಿದ್ದು ಪೂರ್ತಿ ಸರಿ. ಫಾಲ್ ಕುಗ್ಗಿದ್ರೆ ಸೀರೆ ಅಂಚು ಹೇಗೆ ಸುರುಟುತ್ತೋ, ಒಂದೇ ಸಮ ಎಳೆಯದ ಬಟ್ಟೆ ಕಲ್ಲಿನ ಮೇಲೆ ಹಾಗೇ ಕೂರುತ್ತೆ.

ಆಮೇಲೆ ಕ್ಲಬ್ ಟೇಬಲ್ಲುಗಳಿಗೆ ಬಟ್ಟೆ ಹಾಕಿ ಅನುಭವ ಇದ್ದ ಹಿರಿಯ ಮಿಸ್ತ್ರಿ ಒಬ್ರನ್ನ ಹುಡುಕಿ ಕರೆಸಿದ್ರು. ಅವರು ಬಂದವರೇ ಬಟ್ಟೆ ಮುಟ್ಲಿಲ್ಲ. ಮೊದ್ಲು ಒಂದು ಬಾಲನ್ನ ಮೆಲ್ಲಗೆ ಉರುಳಿಸಿದ್ರು. ಈ ಕಡೆಯಿಂದ ಆ ಕಡೆಗೆ, ಮತ್ತೆ ಆ ಕಡೆಯಿಂದ ಈ ಕಡೆಗೆ. ಈ ಪರೀಕ್ಷೆ ನೀವೂ ಮಾಡಬಹುದು. ಹೋಗೋವಾಗಲೂ ಬರೋವಾಗಲೂ ಬಾಲು ರೂಮಿನ ಒಂದೇ ಗೋಡೆ ಕಡೆಗೆ ಎಳೆದ್ರೆ ಟೇಬಲ್ ಮಟ್ಟ ಇಲ್ಲ, ಕಾಲಿನ ಕೆಳಗೆ ಸರಿಮಾಡ್ಬೇಕು. ಒಂದು ದಿಕ್ಕಿಗೆ ಹೋಗೋವಾಗ ಮಾತ್ರ ತಿರುಗಿ, ವಾಪಸ್ ಬರೋವಾಗ ನೇರ ಬಂದ್ರೆ ತಪ್ಪು ಬಟ್ಟೆಯ ಕೂದಲಿನದ್ದು. ಯಾವಾಗಲೂ ಒಂದೇ ಜಾಗದಲ್ಲಿ ಸಣ್ಣಗೆ ಹಾರಿದ್ರೆ, ಕೆಳಗೆ ಚಪ್ಪಡಿ ಕೂಡೋ ಜಾಗದಲ್ಲಿ ಏನೋ ಉಬ್ಬಿದೆ. ಆ ಸಂದಿಗೆ ಕರಗಿಸಿದ ಜೇನುಮೇಣ ತುಂಬಿ, ಮೇಲಿನದನ್ನ ಹೆರೆದು ಸಮ ಮಾಡೋದು ಹಳೇ ಕ್ರಮ. ಆತುರದವರು ಹೆರೆಯದೆ ಬಿಟ್ಟಿರ್ತಾರೆ.

ನಮ್ಮವರ ಟೇಬಲ್ಲಲ್ಲಿ ಎರಡು ತಪ್ಪಿತ್ತು. ಕೂದಲಿರೋ ಬಟ್ಟೆಯನ್ನ ಉಲ್ಟಾ ದಿಕ್ಕಿಗೆ ಹಾಕಿದ್ರು, ಓರೆಗೂ ಎಳೆದಿದ್ರು. ಮಿಸ್ತ್ರಿ ಸುತ್ತಲಿನ ಮರದ ಅಂಚು ಬಿಚ್ಚಿದ್ರು. ಸ್ಟೇಪಲ್ ಪಿನ್ನುಗಳನ್ನ ಒಂದೊಂದಾಗಿ ಕಿತ್ರು. ಕಲ್ಲಿನ ಮೇಲಿನ ಧೂಳು, ಸೀಮೆಸುಣ್ಣದ ಪುಡಿ ಒರೆಸಿದ್ರು. ಒಂದು ಸಾಸಿವೆ ಕಾಳಿನಷ್ಟು ಕಸ ಉಳಿದ್ರೂ ಬಟ್ಟೆ ಮೇಲೆ ಗುಳ್ಳೆ ಥರ ಏಳುತ್ತೆ. ಆಮೇಲೆ ಬಟ್ಟೆಯ ನಡುಗೆರೆಗೂ ಟೇಬಲ್ಲಿನ ನಡುವಿಗೂ ಗುರುತು ಹಾಕಿ ಕೂಡಿಸಿದ್ರು. ಎಳೆದದ್ದು ಹೇಗೆ ಗೊತ್ತಾ? ಮೊದ್ಲು ಒಂದು ತುದಿ ಕೂರಿಸಿ ಉದ್ದಕ್ಕೆ ಎಳೆದ್ರು. ಆಮೇಲೆ ಎರಡೂ ಪಕ್ಕ, ನಡುವಿನಿಂದ ಮೂಲೆ ಕಡೆಗೆ, ಇಲ್ಲಿ ಒಂದು ಪಿನ್ನು ಅಲ್ಲಿ ಒಂದು ಪಿನ್ನು. ಕಸೂತಿ ರಿಂಗಿಗೆ ಬಟ್ಟೆ ಬಿಗಿಯೋವಾಗ ನಾವು ಎದುರುಬದುರು ಎಳೀತೀವಲ್ಲ, ಅದೇ ಲೆಕ್ಕ. ಒಂದೇ ಮೂಲೆಯಿಂದ ಶುರುಮಾಡಿ ಸುತ್ತ ಬಂದ್ರೆ ನೆರಿಗೆ ಎಲ್ಲಾ ಕೊನೇ ಮೂಲೆಯಲ್ಲಿ ಬಂದು ಸೇರುತ್ತೆ.

ಜೇಬುಗಳ ಹತ್ರ ಕತ್ತರಿ ಹಾಕೋದು ಕೊನೆಗೆ, ಬ್ಲೌಸಿನ ಕೊರಳಿಗೆ ಕಚ್ಚು ಕೊಟ್ಟ ಹಾಗೆ ಬೇಕಾದಷ್ಟೇ. ಜಾಸ್ತಿ ಕತ್ತರಿಸಿದ್ರೆ ಅಲ್ಲಿಂದಲೇ ಹರಿಯುತ್ತೆ. ಅಂಚಿನ ರಬ್ಬರಿಗೆ ಬೇರೆ ಬಟ್ಟೆ, ಅದನ್ನ ಸಣ್ಣ ಮರದ ಪಟ್ಟಿಯಿಂದ ಗಾಡಿಯೊಳಗೆ ತಟ್ಟಿ ಕೂರಿಸ್ತಾರೆ. ಅದು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆದ್ರೆ ಅಂಚಿಗೆ ಬಡಿದ ಬಾಲು ಒಂದೊಂದು ಜಾಗದಲ್ಲಿ ಒಂದೊಂದು ಥರ ವಾಪಸ್ ಬರುತ್ತೆ. ಅದನ್ನೂ ಬಿಚ್ಚಿ ಹಾಕಿದ್ರು. ಪೂರ್ತಿ ಒಂದು ಹಗಲು ಹಿಡೀತು.

ಅದೃಷ್ಟಕ್ಕೆ ಬಟ್ಟೆ ಒಳ್ಳೇದಿತ್ತು, ಬಿಗಿಯೋಕೆ ಅಂಚಿನಲ್ಲಿ ಉಳಿಕೆ ಇತ್ತು. ಮೊದಲು ಹಾಕಿದವರು ಅಂಚು ಪೂರ್ತಿ ಕತ್ತರಿಸಿಬಿಟ್ಟಿದ್ರೆ, ಕಲ್ಲಿಗೆ ಗೋಂದು ಬಳಿದು ಅಂಟಿಸಿದ್ರೆ, ಬಟ್ಟೆ ಹೊಸದೇ ತರಬೇಕಾಗ್ತಿತ್ತು. ಬಟ್ಟೆ ಹಾಕಿದ ದಿನ ಉಳಿದ ಚೂರನ್ನ ಬಿಸಾಡೋಕೆ ಬಿಡ್ಬೇಡಿ, ಎತ್ತಿಡಿ. ಸಣ್ಣ ತೂತಿಗೆ, ಮುಂದೆ ಅದೇ ಬಟ್ಟೆ ಗುರುತಿಸೋಕೆ ಬೇಕಾಗುತ್ತೆ.

ಇನ್ನು ಮಾಡಬಾರದ್ದು. ಸುಕ್ಕು ಹೋಗಲಿ ಅಂತ ನೀರು ಚಿಮುಕಿಸಿ ಇಸ್ತ್ರಿ ಹಾಕೋದು ಬೇಡ. ಒದ್ದೆಯಾದ ಉಣ್ಣೆ ಒಣಗೋವಾಗ ಎಲ್ಲೋ ಕುಗ್ಗಿ ಎಲ್ಲೋ ಹಿಗ್ಗಿ, ಹೊಸ ಸುಕ್ಕು ಬರುತ್ತೆ. ಹದವಾದ ಒಣ ಇಸ್ತ್ರಿ ಕೂದಲಿರೋ ಸ್ನೂಕರ್ ಬಟ್ಟೆಗೆ ಮಾತ್ರ, ಅದೂ ಬ್ರಷ್ ಹಾಕಿದ ಮೇಲೆ, ಒಂದೇ ದಿಕ್ಕಿಗೆ. ಪೂಲಿನ ನಯ ಬಟ್ಟೆಗೆ ಇಸ್ತ್ರಿ ಬೇಕಿಲ್ಲ, ಬ್ರಷ್ ಸಾಕು. ಪಾಲಿಯೆಸ್ಟರ್ ಆದ್ರಂತೂ ಕರಗಿಹೋಗುತ್ತೆ. ಸಡಿಲ ಆಯ್ತು ಅಂತ ಮೇಲಿಂದಲೇ ಅಂಚಿನ ಸಂದಿಗೆ ಬಟ್ಟೆ ತುರುಕೋದೂ ಬೇಡ. ಮಳೆಗಾಲದಲ್ಲಿ ಟೆರೇಸ್ ರೂಮಿನ ಕಿಟಕಿ ಬಾಗಿಲು ಹಾಕಿಡಿ, ಆಡದೇ ಇದ್ದಾಗ ಟೇಬಲ್ಲಿಗೆ ಹೊದಿಕೆ ಹಾಕಿ. ಹೊಸ ಬಟ್ಟೆ ಹಾಕಿಸೋದಾದ್ರೆ ಮಳೆ ಬಿದ್ದು ಗಾಳಿ ತೇವ ಇರೋ ದಿನ ಬೇಡ. ಬಟ್ಟೆ ಎರಡು ದಿನ ಅದೇ ರೂಮಿನಲ್ಲಿ ಬಿಚ್ಚಿ ಹಾಸಿರಲಿ, ಆ ಹವಾಕ್ಕೆ ಹೊಂದಿಕೊಳ್ಳುತ್ತೆ.

ಟೇಬಲ್ ತಗೊಳ್ಳೋ ಮೊದಲೇ ರೂಮು ಅಳೀರಿ. 8 ಅಡಿ ಟೇಬಲ್ ಸುತ್ತ ಕೋಲು ಆಡ್ಬೇಕಾದ್ರೆ ಸುಮಾರು 17 ಅಡಿ ಉದ್ದ, ಹದಿಮೂರೂವರೆ ಅಡಿ ಅಗಲ ಬೇಕು. 30 ಅಡಿಗೆ 40 ಅಡಿ ಸೈಟಿನ ಮನೇಲಿ ಅಷ್ಟು ಜಾಗ ಮೇಲಿನ ರೂಮಲ್ಲಿ ಬಿಟ್ರೆ ಬೇರೆ ಕಡೆ ಕಷ್ಟ. ಆ ರೂಮಿಗೇ ಮಳೆ ಗಾಳಿ ಜಾಸ್ತಿ. ಮಹಡಿ ಆ ಭಾರ ತಡೆಯುತ್ತಾ ಅಂತ ಮನೆ ಕಟ್ಟಿದ ಇಂಜಿನಿಯರ್ ಹತ್ರ ಒಂದು ಮಾತು ಕೇಳೋದು ಒಳ್ಳೇದು. ಬಟ್ಟೆ ಹಾಕೋರು ಬಂದಾಗ ಮೂರು ಮಾತು ಕೇಳಿ: ಇದು ಉಣ್ಣೆಯದ್ದಾ, ಕೂದಲು ಇದ್ರೆ ಯಾವ ದಿಕ್ಕಿಗೆ ಮಲಗಿಸ್ತೀರಿ, ಎಳೆಯೋದು ಎಲ್ಲಿಂದ ಶುರು. ಉತ್ತರ ಗೊತ್ತಿರೋರು ಸಂತೋಷವಾಗಿ ಹೇಳ್ತಾರೆ. ಗೊತ್ತಿಲ್ದೋರು ಸಿಡುಕ್ತಾರೆ, ಅವರಿಗೆ ಕಾಫಿ ಕೊಟ್ಟು ಕಳಿಸಿಬಿಡಿ.

ಕೆಲಸ ಮುಗಿದ ಮೇಲೆ ದುಡ್ಡು ಕೊಡೋ ಮುಂಚೆ ಅಂಗೈ ಒತ್ತಿ ಸರಿಸಿ ನೋಡಿ. ಅಲೆ ಏಳಬಾರದು. ಬಾಲು ಮೆಲ್ಲಗೆ ಉರುಳಿಸಿ ನೋಡಿ, ಹೋಗೋವಾಗ ಒಂದು ಸಲ, ಬರೋವಾಗ ಒಂದು ಸಲ. ಈ ಎರಡಕ್ಕೆ ಆಟ ಬರ್ಬೇಕಾಗಿಲ್ಲ, ಬಟ್ಟೆ ಗೊತ್ತಿದ್ರೆ ಸಾಕು. ಮನೇಲಿ ಗಂಡಸರು ಮಾತಾಡಿಕೊಳ್ಳಲಿ ಅಂತ ಹಿಂದೆ ನಿಲ್ಲಬೇಡಿ. ಮತ್ತೆ ಮನೇಲಿ ಯಾವ ಮಗುವಾದ್ರೂ ಆಡಿ "ನಂಗೆ ಬರಲ್ಲ" ಅಂತ ಕೋಲು ಇಟ್ರೆ, ಆ ಮಗುವಿನ ಕೈ ನೋಡೋಕೆ ಮುಂಚೆ ಬಟ್ಟೆ ನೋಡಿ. ನಮ್ಮ ಹುಡುಗಿ ಬಲಕ್ಕೆ ಗುರಿಯಿಡೋ ಅಭ್ಯಾಸ ಬಿಡೋಕೆ ಇನ್ನೂ ಕಷ್ಟಪಡ್ತಿದಾಳೆ. ಬಟ್ಟೆ ಒಂದು ದಿನಕ್ಕೆ ಸರಿಹೋಯ್ತು, ಕೈಗೆ ಹತ್ತಿದ್ದು ಬಿಡೋಕೆ ತಿಂಗಳುಗಳೇ ಹಿಡಿಯುತ್ತೆ.